ಇರುವೆ ಮುತ್ತದ ಪ್ರಸಾದ

ಶನಿವಾರ ಆಳಂದದಿಂದ ಬಂದ ಟಪಾಲು ಚೀಲ ಬಿಚ್ಚಿ ಮೇಜಿನ ಮೇಲೆ ಸುರಿದಾಗ ಎಲ್ಲಕ್ಕಿಂತ ಕೊನೆಗೆ ಬಿದ್ದದ್ದು ಆ ಲಕೋಟೆ. ಬಟ್ಟೆಯ ಒಳಪದರವಿದ್ದ ದೊಡ್ಡ ಕಂದು ಲಕೋಟೆ. ಒಳಗೆ ಏನೋ ಉಂಡೆಯುಂಡೆಯಾಗಿ ಒಂದೇ ಮೂಲೆಗೆ ಜಗ್ಗಿಕೊಂಡಿತ್ತು. ಎತ್ತಿ ವಿಳಾಸ ಓದಿದೆ. ಓದಿ ಕೆಳಗಿಟ್ಟೆ. ಮತ್ತೆ ಎತ್ತಿದೆ.

ವಿಳಾಸ ಚಂದ್ರಾಮಪ್ಪನವರದು. ಅವರು ತೀರಿಕೊಂಡು ಐದು ವಾರವಾಗಿತ್ತು. ಅದೇನೂ ಹೊಸದಲ್ಲ; ಸತ್ತವರ ಹೆಸರಿಗೆ ಬ್ಯಾಂಕಿನದೋ ವಿಮೆಯದೋ ಕಾಗದ ವರ್ಷಗಟ್ಟಲೆ ಬರುತ್ತಿರುತ್ತದೆ. ನನ್ನ ಕೈ ನಿಲ್ಲಿಸಿದ್ದು ಅಕ್ಷರ. ನೀಲಿ ಶಾಯಿ, ಬಲಕ್ಕೆ ಹೋಗುತ್ತ ಹೋಗುತ್ತ ಸ್ವಲ್ಪ ಮೇಲಕ್ಕೇರುವ ಸಾಲು, ಊರ ಹೆಸರಿನ ಕೆಳಗೆ ಎರಡು ಗೆರೆ. ಹನ್ನೊಂದು ವರ್ಷ ಈ ಮೇಜಿನಾಚೆ ಕುಳಿತು ಅವರು ಬರೆಯುವುದನ್ನು ನೋಡಿದ್ದೇನೆ. ಅದು ಚಂದ್ರಾಮಪ್ಪನವರದೇ ಕೈಬರಹ.

ಅವರನ್ನು ಮಣ್ಣಿಗಿಟ್ಟ ದಿನ ನಾನೂ ಹೋಗಿದ್ದೆ. ಗುಂಡಿಯಲ್ಲಿ ಪದ್ಮಾಸನ ಹಾಕಿ ಕೂಡಿಸಿದ ಮೈಯ ಸುತ್ತ ವಿಭೂತಿ ಗಟ್ಟಿ ಜೋಡಿಸಿ, ಪತ್ರಿ ಹಾಕಿ, ಮೇಲೆ ಬಿಳಿ ಪುಡಿ ಸುರಿದದ್ದು ಕಣ್ಣಿಗೆ ಕಟ್ಟಿದಂತಿತ್ತು. ಈಗ ಲಕೋಟೆಯ ಅಂಟು ಬಿಟ್ಟ ಮೂಲೆಯಿಂದ ಅಂಥದೇ ಬಿಳಿ ಪುಡಿ ಉದುರಿ ನನ್ನ ಬೆರಳಿಗೆ ಹತ್ತಿತ್ತು.

ನಮ್ಮಂಥವರ ಮನೆಯಲ್ಲಿ ಬೆಳೆದ ಕೈ ಯಾರನ್ನೂ ಕೇಳುವುದಿಲ್ಲ. ಬಿಳಿ ಪುಡಿ ಬೆರಳಿಗೆ ಬಂತೆಂದರೆ ಅದು ಹಣೆಗೆ ಹೋಗುತ್ತದೆ. ಮೂರು ಬೆರಳು ಎಡದಿಂದ ಬಲಕ್ಕೆ ಎಳೆದು, ಕಣ್ಣು ಮುಚ್ಚಿ ಶಿವಾ ಎಂದೆ. ಕಣ್ಣು ತೆರೆದಾಗ ಎದುರಿಗೆ ಸೈದಪ್ಪ ಕೈ ಚಾಚಿ ನಿಂತಿದ್ದ.

"ನಮಗೂ ಒಂದಿಷ್ಟು ಬರ್ಲಿ ಅಕ್ಕಾರ. ಮಠದ್ದೇನು?"

"ಹಂಗ ಕಾಣ್ತದ. ಚಂದ್ರಾಮಪ್ಪ ಸಾವ್ಕಾರ್ರ ಹೆಸರಿಗೆ ಬಂದದ."

ಸೈದಪ್ಪ ನಮ್ಮ ಊರಿನಲ್ಲಿ ಟಪಾಲು ಹಂಚುವವನು. ನಾನು ಪೋಸ್ಟ್ ಮಾಸ್ತರ್. ಹಿರೋಳ್ಳಿಯಿಂದ ಮೂರು ಮೈಲಿ ಒಳಗಿನ ಈ ಊರಿನ ಬ್ರಾಂಚ್ ಪೋಸ್ಟಾಫೀಸು ಎಂದರೆ ನನ್ನ ಮನೆಯ ಮುಂದಿನ ಕೋಣೆ. ಒಂದು ಮೇಜು, ಒಂದು ಕಪಾಟು, ತಕ್ಕಡಿ, ಗೋಡೆಗೆ ಕ್ಯಾಲೆಂಡರು, ಶ್ರಾವಣದಲ್ಲಿ ಸೋರುವ ಮೂಲೆಗೆ ಒಂದು ಬಕೇಟು. ನಾವಿಬ್ಬರೇ ಇಡೀ ಇಲಾಖೆ.

ಸೈದಪ್ಪ ಪುಡಿಯನ್ನು ಹಣೆಗೂ ಗಂಟಲಿಗೂ ಹಚ್ಚಿಕೊಂಡು ವಿಳಾಸ ಓದಿದ. ಅವನ ಮುಖದ ನಗೆ ನಿಧಾನವಾಗಿ ಇಳಿಯಿತು.

"ಇದು ಅವರದೇ ಅಕ್ಷರ ಅಲ್ರಿ?"

"ಹೌದು."

"ಸತ್ತವರು ಟಪಾಲ ಹಾಕ್ಯಾರ. ನಮ್ಮ ಇಲಾಖೆ ಎಲ್ಲೀತನಕ ಮುಟ್ಟ್ಯದ ನೋಡ್ರಿ. ಅಲ್ಲೂ ಒಂದು ಡಬ್ಬಿ ಇಟ್ಟಾರೇನೊ." ಎಂದ. ನಗಲು ನೋಡಿದ, ಆಗಲಿಲ್ಲ. "ಟಿಕೀಟೂ ಭಾಳ ಹಚ್ಚ್ಯಾರ. ದೂರದ ದಾರಿ, ಕಡಿಮಿ ಬೀಳಬಾರ್ದು ಅಂತ."

"ಬಾಯಿ ಮುಚ್ಚು ಸೈದಪ್ಪಣ್ಣ. ಹೋಗ್ತಾ ಸುಭದ್ರಾಬಾಯಿಯವರಿಗೆ ಹೇಳಿ ಹೋಗು. ಅವರೇ ಬಂದು ಒಯ್ಯಲಿ."

ಅವನು ಚೀಲ ಏರಿಸಿ ಸೈಕಲ್ ತುಳಿದು ಹೋದ. ಚಂದ್ರಾಮಪ್ಪನವರ ಹೆಂಡತಿಗೆ ನಾನೇ ಕರೆ ಕಳಿಸಿದ್ದೆ. ಆಮೇಲೆ ಆ ದಿನವಿಡೀ ನನ್ನನ್ನು ಕಾಡಿದ್ದು ಅದು.

ಲಕೋಟೆಯನ್ನು ಗೋಡೆಗೆ ಹತ್ತಿದ ಬೆಂಚಿನ ಮೇಲಿಟ್ಟು ರಿಜಿಸ್ಟರು ತೆಗೆದೆ. ಬರೆಯಲಾಗಲಿಲ್ಲ. ಅಕ್ಷರದ ಕಡೆಗೇ ಕಣ್ಣು ಹೋಗುತ್ತಿತ್ತು. ಕಳಿಸಿದವರ ಹೆಸರಿಲ್ಲ, ಊರಿಲ್ಲ. ಟಿಕೀಟಿನ ಮೇಲೆ ಒತ್ತಿದ ಶಿಕ್ಕಾ ಮಸಿಯಾಗಿ ಹರಡಿ ಯಾವ ಪೋಸ್ಟಾಫೀಸಿನದೆಂದು ತಿಳಿಯುವಂತಿರಲಿಲ್ಲ. ಟಿಕೀಟು ಎಣಿಸಿದೆ, ಬೇಕಾದ್ದಕ್ಕಿಂತ ಏಳು ಹೆಚ್ಚು.

ಆ ಟಿಕೀಟುಗಳನ್ನು ನೋಡುತ್ತಿದ್ದಂತೆ ನೆನಪಾಯಿತು. ಎಲ್ಲ ನೆನಪಾಯಿತು. ಅದರ ಹಿಂದಿನ ವರ್ಷ ಶ್ರಾವಣ ಮುಗಿದ ಮೇಲೆ ಇದೇ ಮೇಜಿನ ಮುಂದೆ ಕುಳಿತು ಚಂದ್ರಾಮಪ್ಪನವರು ಐದು ಲಕೋಟೆ ಕೊಂಡು, ಐದರ ಮೇಲೂ ತಮ್ಮದೇ ವಿಳಾಸ ಬರೆದಿದ್ದರು. ಶ್ರಾವಣಕ್ಕೊಮ್ಮೆ ಮಠದಿಂದ ವಿಭೂತಿ ತರಿಸಿಕೊಳ್ಳುವುದು ಅವರ ಮನೆಯ ನಡೆ. ದೂರದ ಸಣ್ಣ ಮಠ ಅದು. ಮೊದಲೆಲ್ಲ ಮಠದವರೇ ವಿಳಾಸ ಬರೆಯುತ್ತಿದ್ದರು; ಈಚೆಗೆ ಅಲ್ಲಿಗೆ ಹೋಗಲಾಗದ ಭಕ್ತರು ತಮ್ಮ ಹೆಸರು ಬರೆದ, ಟಿಕೀಟು ಹಚ್ಚಿದ ಲಕೋಟೆಯನ್ನು ಮೊದಲೇ ಕೊಟ್ಟಿರುತ್ತಾರೆ. "ಐದು ವರ್ಷದ್ದು ಒಮ್ಮೆಲೇ ಕೊಟ್ಟು ಬರ್ತೇನಿ ತಂಗಿ" ಎಂದಿದ್ದರು. "ದರ ಏರತಾವ, ಟಿಕೀಟು ಹೆಚ್ಚೇ ಇರ್ಲಿ. ನಾ ಇರ್ತೇನೊ ಇಲ್ಲೊ, ವಿಭೂತಿ ಬರಬೇಕು."

ಅಷ್ಟೇ. ಸತ್ತವರು ಬರೆದದ್ದಲ್ಲ, ಬದುಕಿದ್ದಾಗ ಬರೆದಿಟ್ಟದ್ದು. ಎದೆ ಹಗುರಾಯಿತು. ಎದ್ದು ಒಳಗೆ ಹೋಗಿ ಚಹಾಕ್ಕೆ ನೀರಿಟ್ಟು ಬಂದೆ.

ಬಂದು ಕುಳಿತ ಮೇಲೂ ಕೋಣೆ ಸರಿಯಿರಲಿಲ್ಲ. ಏನು ಸರಿಯಿಲ್ಲ ಎಂದು ಹೇಳಲು ಬರುತ್ತಿರಲಿಲ್ಲ.

ನನ್ನನ್ನು ಬೆಳೆಸಿದವರು ಅಜ್ಜ. ಸಂಜೆ ದೀಪ ಹಚ್ಚಿದ ಮೇಲೆ ಅವರು ವಚನ ಹೇಳುತ್ತಿದ್ದರು, ನಾನು ಕಂಬಕ್ಕೆ ಒರಗಿ ಕೇಳುತ್ತಿದ್ದೆ. ಕೇಳುವುದೇ ನನ್ನ ಓದು. ಅಜ್ಜ ಒಮ್ಮೊಮ್ಮೆ ಬೇಕೆಂದೇ ಒಂದು ಸಾಲು ನುಂಗಿಬಿಡುತ್ತಿದ್ದರು. ಯಾವುದು ಬಿಟ್ಟೆ ಎಂದು ಕೇಳುತ್ತಿರಲಿಲ್ಲ. ಸುಮ್ಮನೆ ನನ್ನ ಮುಖ ನೋಡುತ್ತಿದ್ದರು. ಇದ್ದ ಸಾಲಿಗಿಂತ ಇಲ್ಲದ ಸಾಲು ಕಿವಿಗೆ ಜೋರಾಗಿ ಬೀಳುವುದನ್ನು ನಾನು ಕಲಿತದ್ದು ಹಾಗೆ.

ಆ ಹೊತ್ತು ಕೋಣೆಯಲ್ಲಿ ಒಂದು ಸಾಲು ಇರಲಿಲ್ಲ.

ಕಣ್ಣು ಮುಚ್ಚಿ ಕೇಳಿದೆ. ಫ್ಯಾನು ಇತ್ತು. ಒಳಗೆ ಚಹಾದ ನೀರು ಇತ್ತು. ಹೊರಗೆ ಬೇವಿನ ಗಿಡದಲ್ಲಿ ಹಕ್ಕಿ ಇದ್ದವು. ಹಲ್ಲಿ ಇರಲಿಲ್ಲ. ಕ್ಯಾಲೆಂಡರಿನ ಹಿಂದೆ ಒಂದು ಹಲ್ಲಿ ವರ್ಷಗಳಿಂದ ಮನೆ ಮಾಡಿಕೊಂಡಿದೆ. ನಾನು ಏನು ಗೊಣಗಿಕೊಂಡರೂ ಲೊಚ್ ಎನ್ನುತ್ತದೆ. ಸೈದಪ್ಪ ಅದಕ್ಕೆ ಇನ್ಸ್‌ಪೆಕ್ಟರ್ ಸಾಹೇಬ ಎಂದು ಹೆಸರಿಟ್ಟಿದ್ದಾನೆ. ಬೆಳಿಗ್ಗೆ ಬಾಗಿಲು ತೆರೆದಾಗ ನುಡಿದಿತ್ತು. ಲಕೋಟೆ ಬಂದ ಮೇಲೆ ನುಡಿದಿರಲಿಲ್ಲ.

ಬೆಂಚಿನ ಹತ್ತಿರ ಹೋದೆ. ಹಲ್ಲಿ ಲಕೋಟೆಗೆ ಒಂದು ಗೇಣು ದೂರದಲ್ಲಿ, ಬೆಂಚಿನ ಮೇಲೆಯೇ ಗೋಡೆಯ ಬದಿಗೆ, ಹೊಟ್ಟೆ ಮೇಲಾಗಿ ಬಿದ್ದಿತ್ತು.

ಬೆಂಚಿನ ಮೇಲೆ ಇರುವೆಗಳ ಸಾಲಿತ್ತು. ಮಠದಿಂದ ವಿಭೂತಿಯ ಜೊತೆ ಕಲ್ಲುಸಕ್ಕರೆಯೂ ಬರುತ್ತದೆ, ಪ್ರಸಾದ ಬಂತೆಂದರೆ ನಮಗಿಂತ ಮೊದಲು ಇರುವೆಗಳಿಗೆ ಗೊತ್ತಾಗುತ್ತದೆ. ಅವು ಕಿಟಕಿಯ ಸಂದಿಯಿಂದ ಹೊರಟು ನೇರ ಬಂದಿದ್ದವು. ಲಕೋಟೆ ಇನ್ನು ನಾಲ್ಕು ಬೆರಳು ಇರುವಂತೆ ಸಾಲು ನಿಂತಿತ್ತು. ನಿಂತದ್ದಲ್ಲ, ಅಲ್ಲಿಂದ ಮುಂದೆ ಎಲ್ಲವೂ ಸತ್ತಿದ್ದವು. ಲಕೋಟೆಯ ಸುತ್ತ ಯಾರೋ ಕರಿ ಎಳ್ಳು ಉದುರಿಸಿ ಮಂಡಲ ಬರೆದಂತೆ ಸತ್ತ ಇರುವೆ ಬಿದ್ದಿದ್ದವು.

ಆಗ ವಾಸನೆ ಬಂತು. ಮೊದಲೇ ಇತ್ತೇನೋ, ಮನಸ್ಸು ಒಪ್ಪಿರಲಿಲ್ಲ. ಹಸಿ ಬೆಳ್ಳುಳ್ಳಿ ಜಜ್ಜಿಟ್ಟು ಮರೆತಂಥ ವಾಸನೆ, ಅದರ ಅಡಿಯಲ್ಲಿ ಏನೋ ಕೊಳೆತದ್ದು. ಮಠದ ಪ್ರಸಾದಕ್ಕೆ ಬೆಳ್ಳುಳ್ಳಿ ಮುಟ್ಟಿಸುವುದಿಲ್ಲ. ಆ ಮಠದ ಅಡುಗೆಮನೆಗೇ ಬೆಳ್ಳುಳ್ಳಿ ಬರುವುದಿಲ್ಲ.

ನನ್ನ ಹಣೆಯ ಮೇಲೆ ಮೂರು ಗೆರೆ ಉರಿಯುತ್ತಿದ್ದವು.

ಕ್ಯಾಲೆಂಡರಿನ ಹಿಂದೆ ಇಲಾಖೆಯವರು ಕೊಟ್ಟ ಒಂದು ಹಾಳೆ ಇತ್ತು. ಸಂಶಯದ ಪೊಟ್ಟಣದ ಚಿತ್ರ ಹಾಕಿ ಕೆಳಗೆ ಸೂಚನೆ ಬರೆದದ್ದು. ತರಬೇತಿಯಲ್ಲಿ ಅದನ್ನು ಓದಿಸಿದ ದಿನ ನಾವೆಲ್ಲ ನಕ್ಕಿದ್ದೆವು. ನಮ್ಮೂರಿಗೆ ಬಾಂಬ್ ಕಳಿಸುವಷ್ಟು ಪುರುಸೊತ್ತು ಯಾರಿಗಿದೆ ಎಂದು. ಹಾಳೆ ತೆಗೆದು ನೋಡಬೇಕಾಗಲಿಲ್ಲ. ಕೇಳಿದ್ದನ್ನು ನಾನು ಮರೆಯುವುದಿಲ್ಲ. ಕಳಿಸಿದವರ ಹೆಸರಿಲ್ಲದ್ದು, ಟಿಕೀಟು ಹೆಚ್ಚಾದದ್ದು, ಒಂದೇ ಕಡೆ ಭಾರ, ಸೋರುವ ಪುಡಿ, ವಾಸನೆ. ಟಿಕೀಟಿಗೂ ಅಕ್ಷರಕ್ಕೂ ಕಾರಣ ಸಿಕ್ಕಿದ್ದಕ್ಕೆ ಉಳಿದದ್ದನ್ನೂ ನಾನು ಮಾಫಿ ಮಾಡಿಬಿಟ್ಟಿದ್ದೆ.

ಮುಟ್ಟಬೇಡಿ ಎಂದಿತ್ತು ಆ ಹಾಳೆ. ಅಲುಗಿಸಬೇಡಿ, ಮೂಸಬೇಡಿ, ಎತ್ತಿಕೊಂಡು ಹೊರಗೆ ಓಡಬೇಡಿ. ಇದ್ದಲ್ಲಿ ಬಿಟ್ಟು ನೀವು ಹೊರಡಿ. ಫ್ಯಾನು ಆರಿಸಿದೆ. ಒಳಗೆ ಹೋಗಿ ಒಲೆ ಆರಿಸಿ, ಹಿತ್ತಲ ಬಾಗಿಲಿನಿಂದ ಹೊರಬಿದ್ದು, ಸುತ್ತಿ ಬಂದು ಮುಂದಿನ ಬಾಗಿಲಿಗೆ ಕೀಲಿ ಹಾಕಿದೆ. ಸೆರಗಿನ ಒಣ ತುದಿಯಿಂದ ಹಣೆಯ ಪುಡಿಯನ್ನೆಲ್ಲ ಮೊದಲು ಒರೆಸಿ, ಆ ತುದಿಯನ್ನು ಪುಡಿ ಒಳಗಾಗುವಂತೆ ಮಡಚಿ ಕಟ್ಟಿ, ಆಮೇಲೆ ದನದ ತೊಟ್ಟಿಯ ನಳದ ಕೆಳಗೆ ತಲೆ ಹಿಡಿದೆ.  ಬೇವಿನ ಬುಡಕ್ಕೆ ಕುಳಿತು ಸೈದಪ್ಪನಿಗೆ ಫೋನು ಹಚ್ಚಿದೆ.

"ಎಲ್ಲಿದ್ದಿ?"

"ತಾಂಡಾದ ದಾರಿಯಾಗ ರಿ. ಯಾಕೊ ತಲಿ ತಿರಗಾಕತ್ತದ ಅಕ್ಕಾರ. ಮುಂಜಾನಿ ಉಂಡಿಲ್ಲ, ಅದಕ್ಕಿರಬೇಕು."

"ಹಚ್ಚಿಕೊಂಡಿದ್ದು ವಿಭೂತಿ ಅಲ್ಲ ಸೈದಪ್ಪಣ್ಣ. ಮೊದಲ ಒಣ ಅರಬಿಯಿಂದ ಒರಸ್ಕೊ. ಆಮ್ಯಾಲ ನೀರು ಸುರಕೊಂಡು ತೊಳಿ, ಕೈನೂ. ಬಾಯಿಗೆ ಏನೂ ಹಾಕ್ಬ್ಯಾಡ. ಯಾರದರ ಗಾಡಿ ಹತ್ತಿ ಆಳಂದ ದವಾಖಾನಿಗೆ ನಡಿ." ಒಂದು ಉಸಿರು ಬಿಟ್ಟು ಕೇಳಿದೆ, "ಸುಭದ್ರಾಬಾಯಿಯವರಿಗೆ ಹೇಳೀಯೇನು?"

"ಹೇಳೇ ಬಂದೀನ್ರಿ. ಪಾಪ, ಅವರ ಅಕ್ಷರ ಅಂದಕೂಡ್ಲೆ ಎದ್ದು ನಿಂತ್ರು. ತಂಬಿಗಿ ತೊಳಿಯಾಕತ್ತಿದ್ರು ನಾ ಬರೂ ಮುಂದ."

ತಂಬಿಗೆ ಎಂದಾಗ ನನ್ನ ಬೆನ್ನಿಗೆ ತಣ್ಣೀರು ಹೊಯ್ದಂತಾಯಿತು. ಪ್ರತಿ ಶ್ರಾವಣದಲ್ಲಿ ಲಕೋಟೆ ಬಂದಾಗ ಚಂದ್ರಾಮಪ್ಪನವರು ಮನೆಯವರೆಗೂ ಕಾಯುತ್ತಿರಲಿಲ್ಲ. ಈ ಬೇವಿನ ಕಟ್ಟೆಯ ಮೇಲೆಯೇ ಕುಳಿತು, ತಂಬಿಗೆಯ ನೀರಿಗೆ ಒಂದು ಚಿಟಿಕೆ ವಿಭೂತಿ ಕದಡಿ, ಮೂರು ಗುಟುಕು ಕುಡಿಯುತ್ತಿದ್ದರು. ಹೆಂಡತಿ ಅದನ್ನೇ ಮಾಡಲು ಬರುತ್ತಿದ್ದರು.

ಆಳಂದದ ಪೋಸ್ಟಾಫೀಸಿಗೆ ಫೋನು ಮಾಡಿದೆ. ಅಲ್ಲಿಯ ಅಮರನಾಥ ಸಾಹೇಬರು ನಗಲಿಲ್ಲ. ಯಾರನ್ನೂ ಹತ್ತಿರ ಬಿಡಬೇಡಿ, ಪೊಲೀಸರಿಗೆ ನಾನೂ ಹೇಳುತ್ತೇನೆ, ನೀವೂ ೧೧೨ಕ್ಕೆ ಹಚ್ಚಿ ಎಂದರು. ಹಚ್ಚಿದೆ. ಹಳ್ಳ ತುಂಬಿದೆ, ಬರಲು ತಾಸು ಬೇಕು ಎಂದರು.

ಮೋಡ ಕವಿದು ಹನಿಯತೊಡಗಿತು. ಆ ಮಬ್ಬಿನಲ್ಲಿ ಓಣಿಯ ತುದಿಯಿಂದ ಬಿಳಿ ಸೀರೆಯ ಸುಭದ್ರಾಬಾಯಿ ಬರುವುದು ಕಂಡಿತು. ಎಪ್ಪತ್ತು ದಾಟಿದವರು. ತಾಮ್ರದ ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ತುಳುಕದಂತೆ ಹೆಜ್ಜೆಯಿಡುತ್ತಿದ್ದರು.

"ಎಲ್ಲದ ತಂಗಿ?"

"ಒಳಗದ ರಿ ಅವ್ವಾ. ನೀವು ಇಲ್ಲಿ ಬರ್ರಿ, ಗಿಡದ ಬುಡಕ್ಕ ಕೂಡ್ರಿ."

"ಕೂಡಾಕ ಬಂದಿಲ್ಲ. ಅವರ ಅಕ್ಷರ ಅಂತಾನ ಸೈದಪ್ಪ. ಖರೇನು?"

"ಖರೇನ ರಿ."

"ಹಂಗಾದ್ರ ಬಾಗಲಾ ಯಾಕ ಹಾಕೀದಿ?"

"ಅದರಾಗ ಬಂದಿದ್ದು ವಿಭೂತಿ ಅಲ್ರಿ. ಏನೋ ವಿಷ. ಪೊಲೀಸ್ರು ಬರಾಕತ್ತಾರ."

ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಮಠದ್ದು ವಿಷ ಅಂತೀ. ಬಸವೇಶ್ವರಿ, ನಿಮ್ಮಜ್ಜ ಹೇಳೂ ವಚನಾ ಕೇಳಾಕ ನಾವು ನಾಕು ಓಣಿಯಿಂದ ಬರ್ತಿದ್ವಿ. ಅವರ ಮೊಮ್ಮಗಳು ನೀ. ಸರಕಾರದ ಪಗಾರ ತಿಂದು ಬುದ್ಧಿ ಹಿಂಗಾಯ್ತೇನು ಬೇ?"

"ನನ್ನ ಹಣಿ ನೋಡ್ರಿ ಅವ್ವಾ."

ನೋಡಿದರು. "ಮಂದಿ ಹಣಿ ಸುಟ್ರ ಅದು ಮಂದಿ ಕರ್ಮ. ನನ್ನ ಗಂಡ ನನಗ ಕಳಿಸಿದ್ದು ನನಗ ಕೊಡು."

 ಅಷ್ಟರಲ್ಲಿ ಓಣಿಗೆ ಜಾವೀದನ ಬೈಕು ಬಂತು. ಜಾವೀದ ಊರೂರು ತಿರುಗಿ ತೊಗರಿ ಕೊಂಡು ಗೋದಾಮಿನಲ್ಲಿ ಕೂಡಿಡುವವನು. ಕಿಟಕಿಯ ಎದುರಿಗೆ ಬರುತ್ತಲೇ ಬೈಕು ನಿಲ್ಲಿಸಿ ಮೂಗು ಮುಚ್ಚಿದ.

"ಅಕ್ಕಾ, ಪೋಸ್ಟಾಫೀಸ್ ಬಿಟ್ಟು ಗೋದಾಮ ಯಾವಾಗ ಸುರು ಮಾಡಿದ್ರಿ? ಗುಳಿಗಿ ಹಾಕೀರಲ್ಲ."

"ಯಾವ ಗುಳಿಗಿ ಜಾವೀದ?"

"ನುಸಿ ಹತ್ತಬಾರ್ದಂತ ತೊಗರಿಗೆ ಇಡೂ ಗುಳಿಗಿ. ಹಸಿ ಗಾಳಿ ತಾಗಿದ್ರ ಬೂದಿ ಆಗಿ ಉದುರ್ತಾವ, ಹಬಿ ಬಿಡ್ತಾವ. ಈ ಬೆಳ್ಳುಳ್ಳಿ ವಾಸನಿ ಅದರದ್ದೇ. ಆ ಹಬಿ ಭಾಳ ಖರಾಬ. ದೂರ ಸರೀರಿ ಇಬ್ಬರೂ, ಗಾಳಿ ಈ ಕಡೆ ಬೀಸಾಕತ್ತದ." ತಂಬಿಗೆ ಅವನ ಕಣ್ಣಿಗೆ ಬಿತ್ತು. "ನೀರಂತೂ ತೋರಸ್ಲೇಬ್ಯಾಡ್ರಿ. ನೀರು ಬಿದ್ರ ಒಮ್ಮೆಲೇ ಏಳ್ತದ. ಹೊಟ್ಟಿಗೆ ಹೋದ್ರ ಔಷಧಾನೇ ಇಲ್ಲ, ಅಮ್ಮಾ."

ಅವನು ನಮ್ಮನ್ನು ಗಾಳಿಯ ಹಿಂದಿನ ಕಡೆಗೆ, ಬೇವಿನಾಚೆಗೆ ಸರಿಸಿ, ಓಣಿಗೆ ಅಡ್ಡವಾಗಿ ಬೈಕು ನಿಲ್ಲಿಸಿ, ಬರುವವರನ್ನು ತಡೆಯಲು ತುದಿಗೆ ಹೋದ.

ಅಲ್ಲಿಂದ ಕಿಟಕಿಯೊಳಗಿನ ಬೆಂಚು ಕಾಣುತ್ತಿತ್ತು. ಅದರ ಮೇಲೆ ಲಕೋಟೆ, ಅದರ ಮೇಲೆ ನೀಲಿ ಸಾಲು. ಮಳೆ ಜೋರಾಯಿತು. ಕಿವಿ ತಾನಾಗಿಯೇ ಬಕೇಟಿನ ಸದ್ದು ಹುಡುಕಿತು. ಸೋರುವ ಮೂಲೆಯ ಹನಿ ತಗಡಿನ ಬಕೇಟಿಗೆ ಟಣ್ ಎನ್ನಬೇಕು. ಎನ್ನಲಿಲ್ಲ. ಬದಲಿಗೆ ಟಪ್ ಎಂಬ ಮೆತ್ತನೆಯ ಸದ್ದು. ಕಾಗದದ ಮೇಲೆ ಬಿದ್ದ ಹನಿಯದು. ಆ ಶ್ರಾವಣಕ್ಕೆ ಮಾಳಿಗೆ ಹೊಸ ಜಾಗದಲ್ಲಿ ಬಾಯಿ ಬಿಟ್ಟಿತ್ತು.

ಟಪ್. ಮತ್ತೆ ಟಪ್.

ಕೀಲಿ ನನ್ನ ಮುಷ್ಟಿಯಲ್ಲಿತ್ತು. ನಾಲ್ಕು ಹೆಜ್ಜೆ ಒಳಗೆ ಹೋಗಿ ಆ ಬೆಂಚು ಎಳೆದರೆ ಮುಗಿಯಿತು ಎನ್ನಿಸಿತು. ಕಾಲು ಎದ್ದೂ ಬಿಟ್ಟಿತ್ತು. ಎತ್ತಿಕೊಂಡು ಓಡಬೇಡಿ ಎಂಬ ಸಾಲು ಅಜ್ಜನ ದನಿಯಲ್ಲಿ ಕೇಳಿತು. ಕುಳಿತೆ.

ಲಕೋಟೆಯ ಮೂಲೆಯಿಂದ ಬೂದು ಬಣ್ಣದ ಒಂದು ಎಳೆ ಎದ್ದಿತು. ತೆಳ್ಳಗೆ, ನೇರ. ಕಿಟಕಿಯ ಎತ್ತರಕ್ಕೆ ಬಂದು ಬಾಗಿ, ನಮ್ಮನ್ನು ನೋಡುವಂತೆ ನಿಂತಿತು. ಒಳಗಿಂದ ಸಣ್ಣಗೆ ಸುಸ್ ಎಂಬ ಸದ್ದು, ಯಾರೋ ನಿದ್ದೆಯಲ್ಲಿ ಉಸಿರು ಬಿಟ್ಟಂತೆ.

"ನೋಡಿಲ್ಲಿ" ಎಂದರು ಸುಭದ್ರಾಬಾಯಿ. ಅವರ ದನಿ ಮೆತ್ತಗಾಗಿತ್ತು. "ಧೂಪ ಏಳಾಕತ್ತದ. ಅವರು ಪೂಜಿಗೆ ಕುಂತಾಗ ಹಿಂಗೇ ಏಳ್ತಿತ್ತು. ಒಳಗ ಕುಂತಾರ ಅವರು. ನನ್ನ ಕರಿಯಾಕತ್ತಾರ."

ಅವರು ಕಿಟಕಿಯ ಕಡೆಗೆ ಹೆಜ್ಜೆಯಿಟ್ಟರು. ನಾನು ಎದ್ದು ಅಡ್ಡ ನಿಂತೆ. ತಂಬಿಗೆಯ ನೀರು ನನ್ನ ಎದೆಗೆ ತಾಗಿ ತುಳುಕಿತು. ಅವರ ಕಣ್ಣು ನನ್ನ ಮೇಲಿರಲಿಲ್ಲ, ನನ್ನನ್ನು ದಾಟಿ ಆ ಎಳೆಯ ಮೇಲಿತ್ತು. ಜಾವೀದನ ಗುಳಿಗೆಯ ಮಾತು ಅವರ ಕಿವಿಗೇ ಬಿದ್ದಿರಲಿಲ್ಲ. ಹಾಳೆಯ ಮಾತೂ ಬೀಳುವಂತಿರಲಿಲ್ಲ. ಅವರಿಗೆ ಕೇಳಿಸುವಂಥದು ಬೇರೆ ಏನಿದೆ ಎಂದು ಹುಡುಕಿದೆ.

"ಅವ್ವಾ, ಸಾವಕಾರ್ರು ಹೋದಾಗ ನಿಮ್ಮ ಬಳಗಕ್ಕೆಲ್ಲ ಕಾಗದ ಇಲ್ಲಿಂದಲೇ ಹಾಕಿದ್ವಿ. ಸಾವಿನ ಕಾಗದ ಬಂದ್ರ ನಾವು ಏನ್ ಮಾಡ್ತೀವ್ರಿ?"

ಅವರು ನಿಂತರು.

"ಮನಿಯೊಳಗ ಒಯ್ಯೂದಿಲ್ಲ" ಎಂದರು.

"ಮತ್ತ?"

"ಹೊಸ್ತಲಾ ಹೊರಗ ನಿಂತು ಓದ್ತೀವಿ. ಹರಿದು ಅಲ್ಲೇ ಬಿಡ್ತೀವಿ."

"ಇದೂ ಸಾವಿನ ಕಾಗದ ರಿ. ಅವರೇ ಬರದದ್ದು ಖರೆ. ಆದ್ರ ಇದು ಮನಿಗೆ ಒಯ್ಯೂದಲ್ಲ. ಇಲ್ಲೇ ನಿಂತು ಓದ್ರಿ. ಅಕ್ಷರ ಕಾಣಾಕತ್ತದ ನೋಡ್ರಿ."

 ಮಳೆ ಅವರ ತಲೆಯ ಸೆರಗಿನಿಂದ ಇಳಿಯುತ್ತಿತ್ತು. ಆಮೇಲೆ ಕಣ್ಣು ಕಿರಿದು ಮಾಡಿ, ಇದ್ದಲ್ಲಿಂದಲೇ ಓದತೊಡಗಿದರು. ಅಷ್ಟು ದೂರದಿಂದ ಅವರಿಗೆ ನಿಜವಾಗಿ ಕಾಣುತ್ತಿತ್ತೋ, ನೆನಪಿನಿಂದ ಹೇಳಿದರೋ. ಗಂಡನ ಹೆಸರು ಬಾಯಲ್ಲಿ ತರದ ಹೆಂಗಸು ಅಂದು ಹೆಸರು ಓದಿದರು, ಅವರ ತಂದೆಯ ಹೆಸರು, ಓಣಿ, ಊರು, ತಾಲೂಕು. ಒಮ್ಮೆ ಓದಿ, ಇನ್ನೊಮ್ಮೆ ಓದಿದರು. ಮುಗಿದ ಮೇಲೆ ಬೇವಿನ ಒಂದು ಎಲೆ ಕಿತ್ತು, ಕಾಗದ ಹರಿಯುವಂತೆ ಎರಡಾಗಿ ಹರಿದು ನೆಲಕ್ಕೆ ಬಿಟ್ಟರು. ತಂಬಿಗೆಯನ್ನು ಗಿಡದ ಬುಡಕ್ಕೆ ಬೋರಲು ಹಾಕಿದರು.

"ನಡಿ" ಎಂದರು. "ಇಲ್ಲಿ ವಾಸನಿ ಅದ."

ಪೊಲೀಸರು ಬಂದಾಗ ನಾಲ್ಕು ಗಂಟೆ. ಅವರ ಹಿಂದೆ ಕಲಬುರ್ಗಿಯಿಂದ ಮುಖಕ್ಕೆ ದೊಡ್ಡ ಮುಸುಕು ಹಾಕಿದ ಇಬ್ಬರು ಬಂದು, ಓಣಿಯನ್ನೆಲ್ಲ ಖಾಲಿ ಮಾಡಿಸಿ, ಲಕೋಟೆಯನ್ನು ಒಣ ಮರಳು ತುಂಬಿದ ಡಬ್ಬಿಯಲ್ಲಿ ಹೂತು ಒಯ್ದರು. ಜಾವೀದ ಹೇಳಿದ್ದೇ ಸರಿ, ತೊಗರಿಯ ಗುಳಿಗೆ. ಮಠಕ್ಕೆ ಫೋನು ಹೋಯಿತು. ಕಾಳಿನ ಕೋಣೆ ನೋಡುವವನು, ಉಳಿದ ಗುಳಿಗೆ ಮಕ್ಕಳ ಕೈಗೆ ಸಿಗದಿರಲೆಂದು ವಿಭೂತಿಯ ಖಾಲಿ ಡಬ್ಬಿಗೆ ಹಾಕಿ ಮೇಲಿಟ್ಟಿದ್ದ. ಲಕೋಟೆ ತುಂಬುವ ಹಿರಿಯರಿಗೆ ಕಣ್ಣಿಗೆ ಪೊರೆ, ಆ ವಾರ ಮೂಗೂ ಕಟ್ಟಿತ್ತು. ಕೈಗೆ ಉಂಡೆ ಸಿಕ್ಕವು, ಶಿವಾ ಎಂದು ತುಂಬಿದ್ದರು. ಯಾರ ಮನಸ್ಸಿನಲ್ಲೂ ಕೇಡಿರಲಿಲ್ಲ. ಕೇಡಿಲ್ಲದವರ ಕೈಯಿಂದ ಅದು ಅಷ್ಟು ದೂರ ನಡೆದು ಬಂದಿತ್ತು.

ಆ ಡಬ್ಬಿಯಿಂದ ಮೂರು ಲಕೋಟೆ ತುಂಬಿದ್ದರು. ಅಫಜಲಪುರದ್ದು ಇನ್ನೂ ಚೀಲದಲ್ಲೇ ಸಿಕ್ಕಿತು. ಜೇವರ್ಗಿಯದು ಹಿಂದಿನ ದಿನವೇ ಹಂಚಿಕೆಯಾಗಿತ್ತು. ಆ ಮನೆಗೆ ಪೊಲೀಸರು ನನ್ನೆದುರೇ ಫೋನು ಮಾಡಿದರು. ರಿಂಗ್ ಆಗಿ ಆಗಿ ನಿಂತಿತು. ಮತ್ತೆ ಹಚ್ಚಿದರು. ಯಾರೂ ಎತ್ತದ ಮನೆಯೊಳಗೆ ಆ ಸದ್ದು ಕೋಣೆಯಿಂದ ಕೋಣೆಗೆ ಹೋಗುವುದು ನನಗೆ ಕೇಳಿದಂತಾಗುತ್ತಿತ್ತು. ಐದನೆಯ ಸಲಕ್ಕೆ ಒಬ್ಬ ಹೆಣ್ಣುಮಗಳು ಎತ್ತಿ, ಹಿತ್ತಲದಾಗ ಅರಬಿ ಒಗಿಯಾಕತ್ತಿದ್ದೆ ಎಂದಳು. ಲಕೋಟೆ ಒಡೆದಿರಲಿಲ್ಲ. ಪ್ರಸಾದ ಸೋಮವಾರವೇ ಒಡೆಯುವುದು ಅವರ ಮನೆಯ ನಡೆ. ಅಂಗಳದ ಕಟ್ಟೆಯ ದೇವರ ಗೂಡಿನಲ್ಲಿಟ್ಟು ಹೂ ಏರಿಸಿದ್ದರು. ಹೂವೆಲ್ಲ ಕಂದಿ ಹೋಗಿದ್ದವಂತೆ. ಯಾಕೆ ಎಂದು ಬೆಳಿಗ್ಗೆಯಿಂದ ಮಾತಾಡಿಕೊಳ್ಳುತ್ತಿದ್ದರಂತೆ.

ನನ್ನನ್ನೂ ಸೈದಪ್ಪನನ್ನೂ ಎರಡು ದಿನ ಆಳಂದದ ದವಾಖಾನೆಯಲ್ಲಿ ಇಟ್ಟುಕೊಂಡರು. ಅವನು ಪಕ್ಕದ ವಾರ್ಡಿನಿಂದ ಹೇಳಿ ಕಳಿಸಿದ: "ಇನ್ಸ್‌ಪೆಕ್ಟರ್ ಸಾಹೇಬರು ಡ್ಯೂಟಿ ಮ್ಯಾಲ ತೀರಿಕೊಂಡ್ರು ಅಂತ ಮ್ಯಾಲ ಬರೀರಿ ಅಕ್ಕಾರ." ನನ್ನ ಹಣೆಯ ಮೂರು ಕೆಂಪು ಗೆರೆ ಮಾಸಲು ಹದಿನೈದು ದಿನ ಹಿಡಿಯಿತು. ಊರಲ್ಲಿ ಎಲ್ಲರೂ ಮೊದಲು ಅದನ್ನು ನೋಡಿ, ಆಮೇಲೆ ಮಾತಾಡುತ್ತಿದ್ದರು.

ಮಠದವರು ತಪ್ಪು ಕಾಣಿಕೆ ಸಲ್ಲಿಸಿ ಪತ್ರ ಬರೆದರು. ಜೊತೆಗೆ ಚಂದ್ರಾಮಪ್ಪನವರ ಉಳಿದ ನಾಲ್ಕು ಖಾಲಿ ಲಕೋಟೆ ಮರಳಿ ಬಂದವು. ನಾನೇ ಅವರ ಮನೆಗೆ ಒಯ್ದೆ. ಸುಭದ್ರಾಬಾಯಿ ಹೊಸ್ತಿಲ ಹೊರಗೆ ಬಂದು, ನಾಲ್ಕನ್ನೂ ಒಂದೊಂದಾಗಿ ಓದಿದರು. ನಾಲ್ಕರಲ್ಲೂ ಇದ್ದದ್ದು ಅದೇ ವಿಳಾಸ. ಹರಿಯಲಿಲ್ಲ. ನನ್ನ ಕೈಗೇ ಕೊಟ್ಟರು.

"ನಿನ್ನ ಹತ್ರ ಇರ್ಲಿ. ಶ್ರಾವಣಕ್ಕೊಂದು ಹಾಕು."

"ಏನ್ ತುಂಬಿ ಹಾಕ್ಲಿ ಅವ್ವಾ?"

"ಏನೂ ಬ್ಯಾಡ. ಖಾಲಿ ಹಾಕು. ಟಿಕೀಟ ಹಚ್ಚೇ ಇಟ್ಟಾರಲ್ಲ."

ಮರುವರ್ಷ, ಈ ಶ್ರಾವಣದಲ್ಲಿ, ಅಫಜಲಪುರಕ್ಕೆ ಹೋದಾಗ ಅಲ್ಲಿಯ ಡಬ್ಬಿಗೆ ಒಂದು ಹಾಕಿ ಬಂದೆ. ಏನೂ ತುಂಬದೆ, ನನ್ನ ಕೈಯಾರೆ ಅಂಟಿಸಿ. ನಾಲ್ಕನೆಯ ದಿನ ಚೀಲ ಸುರಿದಾಗ ಅದು ಎಲ್ಲಕ್ಕಿಂತ ಕೊನೆಗೆ ಬಿತ್ತು. ನೀಲಿ ಸಾಲು ಬಲಕ್ಕೆ ಹೋಗುತ್ತ ಮೇಲೇರಿತ್ತು. ನಾನೇ ಹಾಕಿದ್ದೆಂದು ಗೊತ್ತಿತ್ತು. ಆದರೂ ಕೈ ಮುಂದಾಗಲಿಲ್ಲ, ಸೈದಪ್ಪನೂ ಮುಟ್ಟಲಿಲ್ಲ.

ಮೇಜಿನ ಮೇಲೆ, ಲಕೋಟೆಯಾಚೆ, ಒಂದು ಚಿಟಿಕೆ ಸಕ್ಕರೆ ಉದುರಿಸಿ ಇಬ್ಬರೂ ಕುಳಿತೆವು. ಈಗೀಗ ಹೆಸರಿಲ್ಲದ ಯಾವ ಪೊಟ್ಟಣ ಬಂದರೂ ಸೈದಪ್ಪ ಸೈಕಲ್ ಹತ್ತುವ ಮೊದಲು ನಾವು ಹೀಗೆ ಸ್ವಲ್ಪ ಕಾಯುತ್ತೇವೆ. ಕಿಟಕಿಯ ಸಂದಿಯಿಂದ ಒಂದು ಇರುವೆ ಬಂತು, ಅದರ ಹಿಂದೆ ಇನ್ನೊಂದು. ಲಕೋಟೆಯ ಅಂಚಿನಲ್ಲಿ ನಿಂತು ಮೀಸೆ ಅಲುಗಿಸಿದವು. ನಾನು ಉಸಿರು ಹಿಡಿದಿದ್ದೆ. ಅವು ಮೇಲೆ ಹತ್ತಿ, ಚಂದ್ರಾಮಪ್ಪನವರ ಹೆಸರಿನ ಮೇಲೆ ಉದ್ದಕ್ಕೆ ನಡೆದು, ಊರ ಕೆಳಗಿನ ಎರಡು ಗೆರೆ ದಾಟಿ, ಸಕ್ಕರೆಯ ಕಡೆಗೆ ಇಳಿದವು.

"ಒಯ್ಯಿ" ಎಂದೆ ಸೈದಪ್ಪನಿಗೆ.